ಕಾಂತಾ ಕಟ್ಟಿದ ಸೀರೆಯ ಪರದೆ

ಇನ್ನೂ ಪೂರ್ತಿ ಬೆಳಕಾಗಿಲ್ಲ. ಖಾನಾಪುರದಿಂದ ಲೋಂಡಾ ಕಡೆಗೆ ಹೋಗುವ ದಾರಿಯ ಹಳ್ಳಿಯೊಂದರ ಹಿತ್ತಿಲಲ್ಲಿ ಅಕ್ಕವ್ವ ಒಲೆಯ ಮೇಲೆ ಹಂಚಿಟ್ಟು ನಿಪ್ಪಾಣಿ ತಂಬಾಕು ಹುರಿಯುತ್ತಿದ್ದಾರೆ. ಕರ್ರಗೆ ಹುರಿದು ಪುಡಿ ಮಾಡಿದರೆ ಅದೇ ಮಿಶ್ರಿ. ಅದನ್ನು ಹಲ್ಲು, ವಸಡಿಗೆ ಹಚ್ಚಿ ತಿಕ್ಕಿಕೊಳ್ಳದೆ ಈ ಓಣಿಯ ಹೆಂಗಸರಿಗೆ ದಿನ ಶುರುವಾಗುವುದಿಲ್ಲ. ಆರು ತಿಂಗಳ ಬಸುರಿ ಸೊಸೆ ಸೃಷ್ಟಿ ಪಕ್ಕದಲ್ಲೇ ಅಂಗೈ ಚಾಚಿ ಕಾಯುತ್ತಿದ್ದಾಳೆ. ಆಶಾ ಕಾರ್ಯಕರ್ತೆ ಕಾಂತಾ ಹಿತ್ತಿಲ ಬಾಗಿಲು ದೂಡಿಕೊಂಡು ಬರುವುದು ಸರಿಯಾಗಿ ಈ ಹೊತ್ತಿಗೇ.

“ಬಂದ್ಳು ನೋಡ ನಮ್ಮ ಪೊಲೀಸಬಾಯಿ,” ಎಂದು ಅಕ್ಕವ್ವ ನಗುತ್ತಾರೆ.

“ಹುರೀರಿ ಕಾಕು, ನಾ ಏನ ಕಸಗೊಳ್ಳಂಗಿಲ್ಲ,” ಎನ್ನುತ್ತ ಕಾಂತಾ ಒಗೆಯುವ ಕಲ್ಲಿನ ಮೇಲೆ ಕೂರುತ್ತಾರೆ. “ಸೃಷ್ಟಿ, ಮೊದಲ ಒಂದ ತಂಬಿಗಿ ಬೆಚ್ಚನ ನೀರ ಕುಡಿ. ಆಮ್ಯಾಲ ನೋಡೂಣು.”

ಬಿಡು ಎಂದ ಕೂಡಲೇ ಬಿಡುವ ಚಟವಲ್ಲ ಇದು. ಹಚ್ಚದಿದ್ದರೆ ತಲೆ ಸಿಡಿಯುತ್ತದೆ, ಹೊಟ್ಟೆ ಸಾಫ್ ಆಗುವುದಿಲ್ಲ, ಸಿಟ್ಟು ನೆತ್ತಿಗೇರುತ್ತದೆ. ಮದುವೆಯಾಗಿ ಬಂದ ಹೊಸತರಲ್ಲಿ ಕಾಂತಾ ಅವರ ಅಂಗೈಗೂ ಅತ್ತೆ ಹೀಗೇ ಸುರಿದಿದ್ದರು. ದಿನವಿಡೀ ದುಡಿಯುವ ಸೊಸೆಗೆ ಕೂತು ನಾಲ್ಕು ಮಾತಾಡಲು ಸಿಗುವುದೂ ಈ ಹೊತ್ತೊಂದೇ. ಅದಕ್ಕೇ ಕಾಂತಾ ತಾವೇ ಬಂದು ಮಾತಿಗೆ ಕೂರುತ್ತಾರೆ. ಸಂಜೆಯದನ್ನು ಮೊದಲು ಬಿಡಿಸುತ್ತಾರೆ, ಆಮೇಲೆ ಮಧ್ಯಾಹ್ನದ್ದು. ಬೆಳಗಿನದು ಎಲ್ಲಕ್ಕಿಂತ ಹಠಮಾರಿ. ಅವರ ಪಾಲಿಗಿರುವ ಹನ್ನೊಂದು ಬಸುರಿಯರಲ್ಲಿ ಏಳು ಮಂದಿ ಹಚ್ಚುವವರು.

ಇದರಿಂದ ಮಗು ತೂಕ ಕಡಿಮೆಯಾಗಿ ಹುಟ್ಟಬಹುದು, ಹೊಟ್ಟೆಯಲ್ಲೇ ಹೋಗಲೂಬಹುದು. ತಪಾಸಣೆಯ ಹೊತ್ತಿಗೆ ವೈದ್ಯರಿಗೆ ಗೊತ್ತಾದರೆ ತಾನೇ ಅವರು ಹೆಚ್ಚು ಕಣ್ಣಿಡುವುದು, ಬಿಡಿಸಲು ದಾರಿ ತೋರಿಸುವುದು? ಹೆಂಗಸರು ಮಾತ್ರ ಬಾಯಿ ಬಿಡುವುದಿಲ್ಲ. ಯಾಕೆ ಎಂದು ಕೇಳಿದರೆ ಕಾಂತಾ ಅವರ ಮುಖ ಕಹಿಯಾಗುತ್ತದೆ.

ಎರಡು ವರ್ಷದ ಹಿಂದೆ ಲೋಂಡಾ ಕಡೆಯ ಬಸುರಿಯೊಬ್ಬಳನ್ನು ಅವರೇ ಬೆಳಗಾವಿಯ ದೊಡ್ಡ ಆಸ್ಪತ್ರೆಯೊಂದಕ್ಕೆ ಕರೆದೊಯ್ದಿದ್ದರು. ಆಕೆಯ ಹೆಸರು ಬರೆಯಬೇಡಿ ಎನ್ನುತ್ತಾರೆ. “ಡಾಕ್ಟರ ಮುಂದ ಏನೂ ಮುಚ್ಚಿಡಬ್ಯಾಡವ್ವಾ ಅಂತ ಬಸ್ಸಿನಾಗ ದಾರಿ ತುಂಬ ಹೇಳಿದ್ನಿರಿ. ಪಾಪ, ಖರೇ ಹೇಳಿದ್ಳು.”

ಸಾಲಿನಲ್ಲಿದ್ದ ಅಷ್ಟೂ ಜನರ ಎದುರು ವೈದ್ಯರ ಬೈಗುಳ ಶುರುವಾಯಿತು. ನೀನು ತಾಯಿಯೋ ರಾಕ್ಷಸಿಯೋ ಎಂದರು. ಸೆರಗು ಮುಖಕ್ಕೆ ಒತ್ತಿಕೊಂಡು ಎದ್ದುಹೋದವಳು ಮತ್ತೆ ಯಾವ ತಪಾಸಣೆಗೂ ಬರಲಿಲ್ಲ. ದಿನ ತುಂಬುವ ಮೊದಲೇ ಮನೆಯಲ್ಲೇ ಹೆರಿಗೆಯಾಗಿ ಮಗು ಉಳಿಯಲಿಲ್ಲ.

“ಮಿಶ್ರಿ ಕೊಂದಿತೋ, ಬೈಗಳಾ ಕೊಂದಿತೋ, ನಾ ಹೆಂಗ ಹೇಳ್ಲಿರಿ? ಖರೇ ಹೇಳು ಅಂದಾಕಿ ನಾನ ಅಲ್ಲೇನು?”

ಅಂದಿನಿಂದ ಊರಿನ ಆರೋಗ್ಯ ಕೇಂದ್ರದ ಮೂಲೆಯಲ್ಲಿ ಕಾಂತಾ ತಮ್ಮ ಹಳೆಯ ಸೀರೆಯೊಂದನ್ನು ಅಡ್ಡ ಕಟ್ಟಿದ್ದಾರೆ. ಚಟದ ಮಾತೇನಿದ್ದರೂ ಅದರ ಹಿಂದೆ. ನರ್ಸ್ ಮರಿಯಮ ಇದಕ್ಕೆ ಜೊತೆಯಾಗಿದ್ದಾರೆ. ಮೇಲಿನ ಸಾಹೇಬರು ಮಾತ್ರ ತಾವು ಬಂದ ದಿನ ಚಂದ ಕಾಣುವುದಿಲ್ಲವೆಂದು ಅದನ್ನು ಬಿಚ್ಚಿಸುತ್ತಾರೆ. ಹೆಣ್ಣಿನ ಮಾನ ಮುಚ್ಚುವ ಬಟ್ಟೆ ಇವರ ಕಣ್ಣಿಗೆ ಚುಚ್ಚುತ್ತದೆ. ನಾಲ್ಕು ಜನರ ಎದುರು ಅವಳ ಮಾನ ಕಳೆಯುವುದು ಯಾರ ಕಣ್ಣಿಗೂ ಚುಚ್ಚುವುದಿಲ್ಲ! ಸಾಹೇಬರ ಜೀಪು ಹೊರಟಿದ್ದೇ ತಡ, ಕಾಂತಾ ಮತ್ತೆ ಕಟ್ಟುತ್ತಾರೆ.

ಇಂದು ಸೃಷ್ಟಿಯ ತಪಾಸಣೆ. “ಕೇಳಿದ್ರ ಇಲ್ಲ ಅಂದಬಿಡು,” ಎಂದು ಅಕ್ಕವ್ವ ಹೇಳಿಯೇ ಕಳಿಸಿದ್ದಾರೆ. ಲೋಂಡಾದವಳಿಗೆ ಆದದ್ದು ಊರಿಗೆಲ್ಲ ಗೊತ್ತಲ್ಲ. ಸೀರೆಯ ಹಿಂದೆ ಮರಿಯಮ ಮೆಲ್ಲಗೆ ಕೇಳಿದಾಗ ಸೃಷ್ಟಿ ಕಾಂತಾ ಅವರ ಮುಖ ನೋಡುತ್ತಾಳೆ. ‘ಖರೇ ಹೇಳು’ ಎಂಬ ಮಾತು ಕಾಂತಾ ಅವರ ಬಾಯಿಂದ ಈಗ ಬರುವುದೇ ಇಲ್ಲ. ಅವಳ ಕೈ ಹಿಡಿದುಕೊಳ್ಳುತ್ತಾರೆ.

“ಹಚ್ತೀನ್ರಿ,” ಎನ್ನುತ್ತಾಳೆ ಸೃಷ್ಟಿ. “ಮುಂಜಾನಿ ಒಮ್ಮಿ. ಬಿಡಾಕ ಆಗವಲ್ದು.”

“ಹೇಳಿದಿ, ಛಲೋ ಆತು,” ಎನ್ನುತ್ತಾರೆ ಮರಿಯಮ. “ಬಿಡಸೂಣು. ಮುಂದಿನ ವಾರ ಸ್ಕ್ಯಾನಿಂಗಿಗೆ ಬೆಳಗಾವಿಗಿ ಹೋಗ್ಬೇಕ, ಅಲ್ಲೂ ಇದನ್ನ ಹೇಳಬೇಕ.”

ಬೆಳಗಾವಿ ಎಂದೊಡನೆ ಸೃಷ್ಟಿ ಮತ್ತೆ ಕಾಂತಾ ಅವರತ್ತ ತಿರುಗುತ್ತಾಳೆ. ಅದೇ ಆಸ್ಪತ್ರೆ, ಅದೇ ಸಾಲು.

ನಿಮಗೇನು ಬೇಕು ಎಂದು ಕೇಳಿದರೆ ಕಾಂತಾ ನಗುವುದಿಲ್ಲ. “ಶಾಲು, ಹಾರ ಬ್ಯಾಡ್ರಿ. ಕೇಳೂದನ್ನ ಬಾಗಲಾ ಮುಚ್ಚಿ ಕೇಳ್ರಿ ಅಂತ ಬರೀರಿ, ಸಾಕು. ಇನ್ನೊಂದ ಸೀರಿ ಚೀಲದಾಗ ಇಟ್ಟೀನಿ. ಅಲ್ಲಿ ಕಟ್ಟಾಕ ಬಿಡಲಿಲ್ಲಂದ್ರ, ನಾನ ಆಕಿ ಮುಂದ ಅಡ್ಡ ನಿಂದರ್ತೀನಿ.”