ಗುಂಯ್ ಎನ್ನದ ಪೆಟ್ಟಿಗೆ

ಅಣ್ಣನ ಪೆಟ್ಟಿಗೆ ಗುಂಯ್ ಎನ್ನುತ್ತಿದ್ದಷ್ಟು ದಿನ ನಮ್ಮ ಮನೆಯಲ್ಲಿ ಯಾರಿಗೂ ಏನೂ ಆಗಲಿಲ್ಲ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಸವಣೂರಿನಲ್ಲಿ ನಮ್ಮದು ಎಲೆತೋಟದ ಮನೆತನ. ಪಡಸಾಲೆಯ ಒಂದು ಬದಿಯಲ್ಲಿ ಅವ್ವ ಮತ್ತು ನಾನು ವೀಳ್ಯದೆಲೆ ತೊಳೆದು, ಹರಿದದ್ದನ್ನು ಆರಿಸಿ ತೆಗೆದು, ಕಟ್ಟು ಕಟ್ಟುತ್ತಿದ್ದೆವು. ಇನ್ನೊಂದು ಬದಿ ಅಣ್ಣನ ಮೈಕ್ ಸೆಟ್ಟಿನದು. ಮದುವೆಗೆ, ಸಭೆಗೆ ಬಾಡಿಗೆ ಹೋಗುವ ಹಾರ್ನುಗಳು, ಆಂಪ್ಲಿಫೈಯರ್ ಪೆಟ್ಟಿಗೆಗಳು, ವೈರಿನ ಸುರುಳಿಗಳು, ಹೊಟ್ಟೆ ಬಿಚ್ಚಿಟ್ಟ ರೇಡಿಯೋಗಳು. “ಹಸಿ ಕೈಲೆ ಈ ಕಡೆ ಬರಬ್ಯಾಡ್ರಿ” ಎನ್ನುವುದು ಅವನ ಕಾಯಂ ಮಾತು. ತಾನೂ ರಬ್ಬರ್ ಚಪ್ಪಲಿ ಹಾಕಿಕೊಂಡು ಹಲಗೆಯ ಮೇಲೆ ನಿಂತೇ ಪೆಟ್ಟಿಗೆ ಮುಟ್ಟುತ್ತಿದ್ದ. ಮನೆಯೊಳಗೆ ಚಪ್ಪಲಿ ಹಾಕುತ್ತಾನೆಂದು ಅವ್ವ ದಿನವೂ ಗೊಣಗುತ್ತಿದ್ದಳು.

ಹಿತ್ತಲಲ್ಲಿ ಅವನು ಒಂದು ಗುಂಡಿ ತೋಡಿ, ಉಪ್ಪು ಇದ್ದಿಲು ತುಂಬಿ, ಪೈಪು ಹುಗಿದು, ಅದಕ್ಕೊಂದು ತಂತಿ ಬಿಗಿದಿದ್ದ. ಅದು ಅರ್ಥಿಂಗ್ ಗುಂಡಿ. ಪೆಟ್ಟಿಗೆಯಲ್ಲಿ ಕರೆಂಟು ದಾರಿ ತಪ್ಪಿದರೆ ಮನುಷ್ಯನ ಮೈಗೆ ಬರದೆ ಆ ತಂತಿಯ ಗುಂಟ ಮಣ್ಣಿಗೆ ಹೋಗುತ್ತದೆ ಎಂದು ನಮಗೆ ತಿಳಿಸಿ ಹೇಳಿದ್ದ. ಗುಂಡಿ ಒಣಗಬಾರದು. ಅದಕ್ಕೆ ಅವ್ವ ಎಲೆ ತೊಳೆದ ನೀರನ್ನು ಸಂಜೆಗೆ ಅಲ್ಲಿಯೇ ಚೆಲ್ಲುತ್ತಿದ್ದಳು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅಣ್ಣನಿಗೊಬ್ಬ ಗೆಳೆಯನಿದ್ದ, ಶಿಗ್ಗಾವಿಯವನು, ಮದುವೆ ಬ್ಯಾಂಡಿನ ಮನೆತನದವನು. ಗೋವಾದ ಒಂದು ಹೋಟೆಲಿನಲ್ಲಿ ಕೆಲವು ವರ್ಷ ಬಾರಿಸಿ ತಿರುಗಿ ಬಂದಿದ್ದ. ಬರುವಾಗ ಒಂದು ಕರೆಂಟಿನ ಗಿಟಾರು, ಒಂದು ಚೀಲ ಕ್ಯಾಸೆಟ್ಟು ತಂದಿದ್ದ. ಅಣ್ಣ ಭಜನೆಯಲ್ಲಿ ಹಾರ್ಮೋನಿಯಂ ಪೇಟಿ ನುಡಿಸುತ್ತಿದ್ದವನು. ಗೆಳೆಯನ ಗಿಟಾರಿಗೆಂದು ತಾನೇ ಒಂದು ಆಂಪ್ಲಿಫೈಯರ್ ಪೆಟ್ಟಿಗೆ ಕೂಡಿಸಿದ, ಗಿಟಾರಿನ ತಂತಿಗೆ ಬೆರಳು ಕೂಡಿಸುವುದನ್ನೂ ಕಲಿತ. ಇದ್ದದ್ದು ಒಂದೇ ಗಿಟಾರು. ಅದು ಅವರಿಬ್ಬರ ತೊಡೆಯಿಂದ ತೊಡೆಗೆ ಹೋಗುತ್ತಿತ್ತು, ಅದರ ಜೊತೆಗೆ ಜಗಳವೂ ಹೋಗುತ್ತಿತ್ತು.

“ಇದು ರಾಕ್ ಅಲ್ಲ ದೋಸ್ತ, ಮೆಟಲ್” ಎಂದು ಗೆಳೆಯ ಕ್ಯಾಸೆಟ್ ತಿರುವಿ ಹಾಕುತ್ತಿದ್ದ.

“ಎರಡೂ ಗದ್ದಲನ ಅಲ್ಲೇನು?”

“ರಾಕ್ ಅಂದ್ರ ನಡಿಗಿ. ಮೆಟಲ್ ಅಂದ್ರ ಕುದರಿ ಓಟ. ಈಗ ಇನ್ನೊಂದು ಬಂದೈತಿ, ಪವರ್ ಮೆಟಲ್ ಅಂತಾರ. ತಾರಕದಾಗ ಹಾಡ್ತಾರ. ರಾಜರು, ಕತ್ತಿ, ಯುದ್ಧ, ಬೆಂಕಿ ಉಗುಳೋ ಸರ್ಪ, ಎಲ್ಲಾ ಅದರಾಗ.”

ಅವತ್ತು ಚಿಕ್ಕೇರೂರಿನಿಂದ ನಮ್ಮ ಸೋದರಮಾವ ಬಂದಿದ್ದ. ದೊಡ್ಡಾಟಕ್ಕೆ ಹಾಡುವ ಭಾಗವತ ಅವನು. ಕಣ್ಣು ಮುಚ್ಚಿ ಕೇಳಿ, ಎಲೆಗೆ ಸುಣ್ಣ ಸವರುತ್ತ ಹೇಳಿದ: “ಹಂಗಾದ್ರ ಇದು ದೊಡ್ಡಾಟನ ಅಲ್ಲೇನ್ರೋ. ರಾಜ ಅದಾನ, ಕತ್ತಿ ಐತಿ, ಒದರಾಟ ಐತಿ. ಕರೆಂಟ್ ಅಷ್ಟ ಹೊಸಾದು.”

ಎಲ್ಲರೂ ನಕ್ಕೆವು. ಅಣ್ಣ ಮಾತ್ರ ನಗಲಿಲ್ಲ. “ದೊಡ್ಡಾಟದಾಗ ಸ್ವರ ತಪ್ಪಿದ್ರ ಗೊತ್ತಾಗ್ತದ ಮಾವ. ಇವರದರಾಗ ತಪ್ಪಿದ್ದು ಗೊತ್ತ ಆಗಂಗಿಲ್ಲ. ಗರ್ ಅನ್ನೋದರಾಗ ಎಲ್ಲಾ ಮುಚ್ಚಿ ಹೋಗ್ತದ. ಬೆರಳು ಎಲ್ಲಿ ಬಿತ್ತು ಅಂತ ಕೇಳಿಸಬೇಕು. ಕಲಿತದ್ದು ಗೊತ್ತಾಗೋದ ಅಲ್ಲೆ.”

“ಆ ಗರ್ ಅನ್ನೋದ ಅದರ ಮೈ. ಅದನ್ನ ತಗದ್ರ ಮೆಟಲ್ ಎಲ್ಲಿ ಉಳೀತು? ಭಜನಿ ಆತು.”

“ಭಜನಿ ಅಂದ್ರ ಸಣ್ಣದೇನಲೇ?”

“ಸಣ್ಣದಲ್ಲ. ನಿನ್ನ ಬೆರಳು ನಿಧಾನ ಅದಾವು. ಅದಕ್ಕ ನೀ ಹಂಗಂತಿ.”

ಗೆಳೆಯ ಅದನ್ನು ಚೇಷ್ಟೆಗೆ ಅಂದದ್ದು. ಅಣ್ಣ ಗಿಟಾರನ್ನು ಗೋಡೆಗೆ ಒರಗಿಸಿ ಸುಮ್ಮನೆ ಕುಳಿತ. ಅವನು ಸುಮ್ಮನಾದಾಗ ನಾವು ಹೆದರುತ್ತಿದ್ದೆವು. ಸಿಟ್ಟು ಮಾಡಿದರೆ ಸಂಜೆಗೆ ಇಳಿಯುತ್ತಿತ್ತು. ಸುಮ್ಮನಾದರೆ ಇಳಿಯುತ್ತಿರಲಿಲ್ಲ.

ಮಾವ ತೀರ್ಪು ಕೊಟ್ಟ. “ಹಿಂಗ ಮನ್ಯಾಗ ಕುಂತು ಕಚ್ಚಾಡಿದ್ರ ಬಗಿಹರಿಯಂಗಿಲ್ಲ. ಲಾವಣಿ ಹಾಡೋರು ಹೆಂಗ ಮಾಡ್ತಾರ, ಹಂಗ ಸವಾಲ್-ಜವಾಬ್ ಮಾಡ್ರಿ. ಒಬ್ಬಾಂವ ನುಡಸ್ಲಿ, ಇನ್ನೊಬ್ಬಾಂವ ಉತ್ತರ ಕೊಡ್ಲಿ. ಕೇಳಿದ ಮಂದಿ ಹೇಳ್ತಾರ.” ಹಾನಗಲ್ಲಿನಲ್ಲಿ ಒಂದು ಓಣಿಯ ಗಣಪತಿ ಹಬ್ಬದ ಕಾರ್ಯಕ್ರಮಕ್ಕೆ ಮಾವನೇ ಮಾತಾಡಿ ಬಂದ. ಸೋತವನು ಗೆದ್ದವನ ದಾರಿಗೆ ಬರಬೇಕು ಎಂದಾಯಿತು.

ಅಲ್ಲಿಂದ ಅಣ್ಣನ ಹಗೆ ಇದ್ದದ್ದು ಗೆಳೆಯನ ಮೇಲಲ್ಲ, ಆ ಗುಂಯ್ ಮೇಲೆ. ತಂತಿ ಮುಟ್ಟದಿದ್ದರೂ ಪೆಟ್ಟಿಗೆ ಸಣ್ಣಗೆ ಗುಂಯ್ ಎನ್ನುತ್ತಲೇ ಇರುತ್ತಿತ್ತು. ಗೆಳೆಯನ ವೇಗದಲ್ಲಿ ಅದು ಕೇಳಿಸುತ್ತಿರಲಿಲ್ಲ. ಅಣ್ಣ ಒಂದು ಸ್ವರ ಹಿಡಿದು ನಿಲ್ಲಿಸಿದಾಗ ಅದರ ಕೆಳಗೆ ಕೊಳೆಯ ಹಾಗೆ ಕಾಣಿಸಿಕೊಳ್ಳುತ್ತಿತ್ತು. ವೈರು ಬದಲಿಸಿದ, ಪೆಟ್ಟಿಗೆಗೆ ತಗಡು ಹೊದಿಸಿದ, ಜಾಗ ಬದಲಿಸಿದ. ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಗುಂಯ್ ನಿಂತಿತು.

ಅವ್ವ ಎಲೆಯಿಂದ ತಲೆ ಎತ್ತಿದಳು. ಮನೆಯೊಳಗೆ ಯಾರೋ ಉಸಿರು ಬಿಗಿಹಿಡಿದು ಕುಳಿತ ಹಾಗಿತ್ತು. ಅಣ್ಣ ಒಂದು ತಂತಿ ಮೀಟಿದ. ಅಷ್ಟು ಸ್ವಚ್ಛವಾದ ಸ್ವರವನ್ನು ಆ ಪೆಟ್ಟಿಗೆಯಿಂದ ನಾವು ಕೇಳಿರಲಿಲ್ಲ. ಏನು ಮಾಡಿದೆಯೆಂದು ಕೇಳಿದ್ದಕ್ಕೆ ಪ್ಲಗ್ ತೋರಿಸಿದ. ಅದರೊಳಗಿನ ಮೂರನೆಯ ತಂತಿಯನ್ನು, ಗುಂಡಿಗೆ ಹೋಗುವ ಆ ತಂತಿಯನ್ನು, ಬಿಚ್ಚಿ ಮಡಚಿ ಕರಿ ಟೇಪು ಸುತ್ತಿದ್ದ.

“ಇನ್ನ ಮ್ಯಾಲೆ ಗುಂಡಿಗೆ ನೀರು ಹಾಕೋದು ಬ್ಯಾಡವ್ವ” ಎಂದ.

ಅವ್ವ ಅವತ್ತೂ ಹಾಕಿದಳು, ರೂಢಿಯಿಂದ.

ಅದಾದ ಮೇಲೆ ಗಿಟಾರಿನ ತಂತಿ ಮುಟ್ಟಿದರೆ ಬೆರಳಿಗೆ ಜುಮ್ ಎನ್ನತೊಡಗಿತು. ನೋವಲ್ಲ, ಇರುವೆ ಹರಿದ ಹಾಗೆ. ಮಾವ ಬಂದಾಗ ಮುಟ್ಟಿ ನೋಡಿದ. ದೊಡ್ಡಾಟದಲ್ಲಿ ಪಾತ್ರದವನಿಗೆ ಕಿರೀಟ ಕಟ್ಟುವಾಗ ಮೈ ಜುಮ್ ಎಂದರೆ ವೇಷ ಒಲಿಯಿತು ಎನ್ನುತ್ತಾರೆ ಆಟದ ಮಂದಿ. ಮಾವನ ಕಣ್ಣು ಅರಳಿತು. “ವಾದ್ಯಕ್ಕ ಜೀವ ಬಂದೈತಿ ತಮ್ಮಾ” ಎಂದು ಪೆಟ್ಟಿಗೆಗೆ ವಿಭೂತಿ ಹಚ್ಚಿದ, ಊದುಬತ್ತಿ ಬೆಳಗಿದ, ಕಾಯಿ ಒಡೆಸಿದ. ಹಸಿ ಕೈಯವರನ್ನು ದೂರ ಇಟ್ಟ ಅಣ್ಣ ಕಾಯಿನೀರು ಹಲಗೆಯ ಮೇಲೆ ಚೆಲ್ಲುವುದನ್ನು ನೋಡುತ್ತ ನಿಂತಿದ್ದ. ಅವನಿಗೆ ಎಲ್ಲವೂ ತಿಳಿದಿತ್ತು. ತಿಳಿದೂ ಅವತ್ತು ಮಾವನ ಮಾತು ಅವನಿಗೆ ಬೇಕಾಗಿತ್ತು.

“ಅದು ಕರೆಂಟ್ ಐತೋ ಅಣ್ಣಾ, ದೇವರಲ್ಲ” ಎಂದಳು ಅವ್ವ ಮಾವನಿಗೆ.

“ನೀ ಎಲಿ ನೋಡ್ಕೋ ಹೋಗವಾ” ಎಂದ ಮಾವ.

ಗೆಳೆಯನೂ ಹೇಳಿದ. “ಅರ್ಥ್ ಹಚ್ಚೊ ದೋಸ್ತ. ಗೋವಾದಾಗ ಹಿಂಗ ಮಾಡಿದ್ರ ಬೈತಿದ್ರು.”

“ಹಚ್ಚಿದ್ರ ಗುಂಯ್ ಅಂತದ. ನಿನಗ ಅದ ಬೇಕಾಗೈತಿ.”

“ಬೇಕಾಗಿಲ್ಲೋ. ನಾ ಸೋತೆ ಅಂತ ಈಗ ಹೇಳ್ತೇನಿ, ತಗೊ.”

“ಮಂದಿ ಮುಂದ ಹೇಳು.”

ಗಣಪತಿಯ ದಿನ ಹಾನಗಲ್ಲಿನಲ್ಲಿ ಬೆಳಗಿನಿಂದ ಮಳೆ ಹನಿಯುತ್ತಿತ್ತು. ಮಧ್ಯಾಹ್ನ ಮಳೆ ನಿಂತು ಹೊರಪಾಯಿತು. ಅವ್ವ, ನಾನು ಮಂಟಪದ ಎದುರು ಹೆಂಗಸರ ಚಾಪೆಯ ಮೇಲೆ ಕುಳಿತಿದ್ದೆವು. ಮಂಟಪದ ನೆಲವನ್ನು ಆಗಷ್ಟೇ ಸಾರಿಸಿದ್ದರು, ಇನ್ನೂ ಆರಿರಲಿಲ್ಲ. ಅಣ್ಣ ತನ್ನ ಪೆಟ್ಟಿಗೆ ಇಳಿಸಿ, ರಬ್ಬರ್ ಚಪ್ಪಲಿಯಲ್ಲೇ ಮೇಲೆ ಹತ್ತಲು ಹೋದ. ಓಣಿಯ ಹಿರಿಯರೊಬ್ಬರು ಮೆಲ್ಲಗೆ ತಡೆದರು. “ದೇವರ ಮುಂದ ಚಪ್ಪಲಿ ಬ್ಯಾಡ್ರಿ.” ಅವನು ಒಮ್ಮೆ ನೆಲ ನೋಡಿದ. ಚಪ್ಪಲಿಯನ್ನು ಕೆಳಗೆ ಜೋಡಿಸಿ ಬಿಟ್ಟ. ಒಂದರ ಪಕ್ಕ ಒಂದು, ಮದುವೆ ಮನೆಗೆ ಬಂದವನ ಹಾಗೆ. ಹಲಗೆ ಸವಣೂರಿನಲ್ಲಿತ್ತು.

ಮೊದಲು ಗೆಳೆಯ ನುಡಿಸಿದ. ಕುದುರೆಗಳು ಬಂದ ಹಾಗೆ ಬಂತು, ಮಂದಿ ಸಿಳ್ಳೆ ಹಾಕಿದರು. ಆಮೇಲೆ ಗಿಟಾರು ಅಣ್ಣನ ಕೈಗೆ ಹೋಯಿತು. ಅದೇ ಓಟವನ್ನು ಅವನು ಹಿಡಿದ. ಆದರೆ ಒಂದೊಂದು ಸ್ವರವೂ ಬೇರೆ ಬೇರೆಯಾಗಿ, ಬಿಡಿಸಿಟ್ಟ ಎಲೆಗಳ ಹಾಗೆ ಕೇಳಿಸಿತು. ಸಿಳ್ಳೆಗಳು ನಿಂತವು. ಮಗುವನ್ನು ಎತ್ತಿಕೊಂಡ ಹೆಂಗಸೊಬ್ಬಳು ನನ್ನ ಪಕ್ಕದಲ್ಲಿ, “ಎಷ್ಟು ತಿಳಿ ಐತಿ ನೋಡ್ರಿ” ಎಂದಳು. ಮಾವ ಮಂಟಪದ ಕಂಬಕ್ಕೆ ಒರಗಿ ತಲೆದೂಗುತ್ತಿದ್ದ. ಅವ್ವ ಅಣ್ಣನ ಮುಖ ನೋಡಲಿಲ್ಲ, ಪಾದಗಳನ್ನು ನೋಡುತ್ತಿದ್ದಳು.

ನುಡಿಸಿ ಮುಗಿಸಿ ಅವನು ನಕ್ಕ. ಗೆಳೆಯನಿಗೆ ಏನೋ ಹೇಳಬೇಕೆಂದು, ಎಡಗೈ ತಂತಿಯ ಮೇಲಿದ್ದಂತೆಯೇ ಬಲಗೈಯಿಂದ ಎದುರಿನ ಮೈಕನ್ನು ಹತ್ತಿರ ಎಳೆದುಕೊಂಡ.

ಆ ಮೈಕು ಬೇರೆಯವರ ಸೆಟ್ಟಿನದು. ಅದಕ್ಕೆ ಅರ್ಥ್ ಇತ್ತು, ಗಿಟಾರಿಗೆ ಇರಲಿಲ್ಲ. ಎರಡರ ನಡುವೆ ಅಣ್ಣ ಇದ್ದ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ಕಂಡದ್ದು ಇಷ್ಟೇ: ಹೇಳಬೇಕಾದ್ದನ್ನು ಹೇಳದೆ ಅವನು ಮೈಕನ್ನು ಗಟ್ಟಿಯಾಗಿ ಹಿಡಿದು ನಿಂತ, ಬಿಡಲೇ ಇಲ್ಲ. ನಾಟಕವೆಂದು ಕೆಲವರು ಚಪ್ಪಾಳೆ ಹೊಡೆದರು. ಗೆಳೆಯ ಕೂಗುತ್ತ ಪ್ಲಗ್ಗಿನ ಕಡೆ ಓಡಿದ. ಅವನು ಕಿತ್ತ ಮೇಲೆ ಅಣ್ಣ ಕೆಳಗೆ ಬಿದ್ದ. ಆಸ್ಪತ್ರೆಗೆ ಎತ್ತಿಕೊಂಡು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಚಪ್ಪಲಿಗಳು ಅಲ್ಲಿಯೇ ಉಳಿದವು.

ಮಾವ ಆ ವರ್ಷದಿಂದ ದೊಡ್ಡಾಟಕ್ಕೆ ಹಾಡಲಿಲ್ಲ. ನಾನು ಮದುವೆಯಾಗಿ ಹಿರೇಕೆರೂರಿಗೆ ಬಂದೆ. ಮದುವೆಗೆ ಮೊದಲು ಒಂದು ದಿನ ಗೆಳೆಯ ಶಿಗ್ಗಾವಿಯಿಂದ ನಮ್ಮ ಸವಣೂರಿನ ಮನೆಗೆ ಬಂದಿದ್ದ. ಅವತ್ತಿನದನ್ನು ಅವನು ಟೇಪಿನಲ್ಲಿ ಹಿಡಿದಿದ್ದನಂತೆ. ಕೊನೆಯದನ್ನು ಅಳಿಸಿ, ನುಡಿಸಿದ್ದನ್ನು ಮಾತ್ರ ಉಳಿಸಿದ್ದ.

“ಅವನ ಬೆರಳು ನಿಧಾನ ಇರಲಿಲ್ಲ ತಂಗಿ. ಚೇಷ್ಟಿ ಮಾಡಿದ್ದೆ ನಾ. ಮಂದಿ ಮುಂದ ಹೇಳು ಅಂದಿದ್ದ. ಈಗ ನಿಮ್ಮ ಮುಂದ ಹೇಳಾಕತ್ತೇನಿ.”

ಕ್ಯಾಸೆಟ್ ಹಾಕಿದ. ಅಣ್ಣನ ಸ್ವರಗಳು ಪಡಸಾಲೆಯ ತುಂಬ ಬಂದವು. ಒಂದು ಸ್ವರಕ್ಕೂ ಇನ್ನೊಂದಕ್ಕೂ ನಡುವೆ ಏನೂ ಇರಲಿಲ್ಲ, ಬರಿದು. ಆ ಬರಿದಿನಲ್ಲಿ ನಾನು ಗುಂಯ್ ಎನ್ನುವುದನ್ನು ಹುಡುಕುತ್ತಿದ್ದೆ. ಎಲ್ಲಾದರೂ ಸಣ್ಣಗಾದರೂ ಇರಲಿ ಎಂದು.

ಅವ್ವ ನಡುವೆಯೇ ಎದ್ದಳು. ಎಲೆ ತೊಳೆದ ನೀರಿನ ಬಕೀಟು ಎತ್ತಿಕೊಂಡು ಹಿತ್ತಲಿಗೆ ಹೋದಳು. ಯಾವ ಪೆಟ್ಟಿಗೆಗೂ ಸೇರದ ಆ ಗುಂಡಿಗೆ ನೀರು ಸುರಿಯುವ ಸದ್ದು ಒಳಗೆ ಕೇಳಿಸಿತು. ತಾನು ಇರುವವರೆಗೂ ಅವಳು ಅದನ್ನು ಒಣಗಲು ಬಿಡಲಿಲ್ಲ.