ಅಜ್ಜಿಯ ಕೋಳಿಗಳೂ ಚಿಕ್ಕಪ್ಪನ ಬೇಟೆಯೂ

ಚಿಕ್ಕಪ್ಪ ದ್ರಾಕ್ಷಿ ಕಿತ್ತು ಬೇಟೆ ನೆಟ್ಟ ವರ್ಷ ನಾನು ಅವರ ಮನೆಯಲ್ಲೇ ಇದ್ದೆ. ಚಿಂತಾಮಣಿಯಲ್ಲಿ ಡಿಗ್ರಿ ಮುಗಿದಿತ್ತು. ಸರ್ಕಾರಿ ಪರೀಕ್ಷೆಗೆ ಓದುತ್ತೇನೆ ಎಂದು ಎಲ್ಲರಿಗೂ ಹೇಳಿ, ಸ್ಕಂದಗಿರಿಯ ಬುಡದಲ್ಲಿರುವ ಅವರ ತೋಟದ ಮನೆಯಲ್ಲಿ ಮುದ್ದೆ ಉಣ್ಣುತ್ತ, ಸಿಕ್ಕವರ ಜೊತೆ ವಾದ ಮಾಡುತ್ತ ಕಾಲ ಕಳೆಯುತ್ತಿದ್ದೆ. ಕಾಲೇಜಿನಲ್ಲಿದ್ದಷ್ಟು ದಿನವೂ ಚರ್ಚಾಸ್ಪರ್ಧೆಯ ತಂಡದಲ್ಲಿದ್ದವಳು. ಚೀಟಿಯಲ್ಲಿ ‘ಪರ’ ಬಂದರೆ ಪರ, ‘ವಿರೋಧ’ ಬಂದರೆ ವಿರೋಧ. ನಂಬಿಕೆಯ ಮಾತೆಲ್ಲ ಗಂಟೆ ಹೊಡೆದ ಮೇಲೆ. ಹಲ್ಲಿ ಲೊಚಗುಟ್ಟಿದರೆ ‘ನೋಡು, ನಿಜ’ ಎನ್ನುವ ಮನೆಯಲ್ಲಿ, ಸಾಕ್ಷಿ ಹೇಳಲು ಹಲ್ಲಿಗಿರುವ ಅರ್ಹತೆ ಏನು ಎಂದು ಕೇಳುವವಳು. ಚಿಕ್ಕಪ್ಪ ನನ್ನನ್ನು ಲಾಯರಮ್ಮ ಎಂದು ಕರೆಯುತ್ತಿದ್ದರು. ಅದು ಹೊಗಳಿಕೆಯಾಗಿರಲಿಲ್ಲ.

ಹಳೆಯ ದ್ರಾಕ್ಷಿ ತೋಟದ ಬಳ್ಳಿ ತೆಗೆಸಿ ಕಲ್ಲುಕಂಬಗಳನ್ನು ಮಾತ್ರ ಅವರು ಹಾಗೇ ಬಿಟ್ಟಿದ್ದರು. ಅವುಗಳ ಸುತ್ತ ಗೌರಿಬಿದನೂರಿನಿಂದ ತಂದ ತಂತಿ ಮೆಶ್ ಬಿಗಿಸಿದರು. ಬೆಟ್ಟದ ಮೇಲೆ ಸೂರ್ಯ ಹುಟ್ಟುವುದನ್ನು ನೋಡಿ ಇಳಿದು ಬರುವ ಬೆಂಗಳೂರಿನವರಿಗೆ ಹಸಿವಾಗಿರುತ್ತದೆ. ಹುರುಪು ಮಾತ್ರ ಇನ್ನೂ ಇಳಿದಿರುವುದಿಲ್ಲ. ಅಂಥವರು ಬೇಲಿಯೊಳಗೆ ಹೋಗಿ ನಾಟಿ ಕೋಳಿಯನ್ನು ಅಟ್ಟಿಸಿಕೊಂಡು ಹಿಡಿಯಬೇಕು, ಹಿಡಿದದ್ದನ್ನು ಅಜ್ಜಿ ಸಾರು ಮಾಡಿ ಬಡಿಸಬೇಕು. ಇದು ಚಿಕ್ಕಪ್ಪನ ಯೋಜನೆ. ಗೇಟಿಗೆ ತಗಡಿನ ಬೋರ್ಡೂ ಬಂತು: ‘ನಾಟಿ ಕೋಳಿ ಬೇಟೆ’.

ಬೋರ್ಡಿನ ಬಣ್ಣ ಒಣಗುವ ಮೊದಲೇ ನಾನು ಆಕ್ಷೇಪ ಎತ್ತಿದೆ.

“ಚಿಕ್ಕಪ್ಪ, ಬೇಟೆ ಅಂದ್ರೆ ಪ್ರಾಣಿ ತಪ್ಪಿಸ್ಕೊಳ್ಳೋಕೆ ಒಂದು ದಾರಿ ಇರ್ಬೇಕು. ಸುತ್ತ ಬೇಲಿ ಹಾಕಿ, ಒಳಗೆ ನಾವೇ ಸಾಕಿದ ಕೋಳಿ ಬಿಟ್ರೆ ಅದನ್ನ ಬೇಟೆ ಅನ್ನಲ್ಲ. ಫ್ರಿಜ್ಜಿಂದ ಟೊಮೇಟೊ ತೆಗೆದಂಗೆ ಅದು.”

“ಟೊಮೇಟೊ ಓಡುತ್ತೇನಮ್ಮ?”

“ಓಡಿದ್ರೂ ಫ್ರಿಜ್ಜೊಳಗೇ ತಾನೆ ಓಡ್ಬೇಕು?”

ಚಿಕ್ಕಪ್ಪ ಬ್ರಶ್ ಕೆಳಗಿಟ್ಟರು. “ಕಾಡು ಮೊಲ ಮುಟ್ಟಿದ್ರೆ ಫಾರೆಸ್ಟ್‌ನೋರು ಒಳಗೆ ಹಾಕ್ತಾರೆ, ಸರಿ. ಕೋಳಿ ನಮ್ದು. ಭಾನುವಾರ ಬಂತಂದ್ರೆ ತೊಡೆ ಪೀಸೇ ಬೇಕು ಅಂತ ಜಗಳ ಆಡೋಳು ನೀನು. ಕುಯ್ದು ತಿನ್ನೋದು ತಪ್ಪಲ್ಲ, ಓಡಿಸೋದು ತಪ್ಪಾ?”

ಇದು ಒಳ್ಳೆಯ ಪಾಯಿಂಟ್. ಎದುರಾಳಿ ಒಳ್ಳೆಯ ಪಾಯಿಂಟ್ ಹೇಳಿದಾಗ ನೀರು ಕುಡಿಯಬೇಕು ಎಂದು ನಮಗೆ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ನೀರು ಕುಡಿದೆ.

“ತಿನ್ನೋಕೆ ಕೊಲ್ಲೋದು ಬೇರೆ, ಅದರ ಹೆದರಿಕೆ ನೋಡಿ ಮಜಾ ತಗೊಳ್ಳೋದು ಬೇರೆ. ಒಂದು ಕಡೆಯೋರು ಸೋಲೋದೇ ಇಲ್ಲ ಅಂತ ಮೊದಲೇ ಗೊತ್ತಿದ್ರೆ ಅದು ಆಟಾನೂ ಅಲ್ಲ.”

“ನಿಮ್ಮ ಡಿಬೇಟು ಏನು ಮತ್ತೆ? ವಿಷಯ ಅವರೇ ಕೊಡ್ತಾರೆ, ಟೈಮು ಅವರೇ ಕೊಡ್ತಾರೆ, ಗಂಟೆ ಅವರೇ ಹೊಡೀತಾರೆ. ಅದೂ ಬೇಲಿ ಒಳಗಿನ ಬೇಟೇನೇ ಕಣಮ್ಮ.”

ಇನ್ನೊಂದು ಲೋಟ ನೀರು ಕುಡಿದೆ.

ಅಜ್ಜಿ, ಅಂದರೆ ಚಿಕ್ಕಪ್ಪನ ತಾಯಿ, ಈ ಚರ್ಚೆಯಲ್ಲಿ ಯಾವ ಪಕ್ಷಕ್ಕೂ ಸೇರಿರಲಿಲ್ಲ. ಅವಳೇನೂ ಅಹಿಂಸಾವಾದಿಯಲ್ಲ. ಮನೆಗೆ ನೆಂಟರು ಬರುತ್ತಾರೆಂದರೆ ಹಿಂದಿನ ಸಂಜೆ ನಿದ್ದೆಗಣ್ಣಿನ ಕೋಳಿಯೊಂದನ್ನು ಗೂಡಿನಿಂದ ಎತ್ತಿ ಮಂಕರಿ ಮುಚ್ಚುತ್ತಿದ್ದಳು. ಬೆಳಿಗ್ಗೆ ಪಕ್ಕದ ತೋಟದವರು ಬಂದು ಕುಯ್ದು ಕೊಡುತ್ತಿದ್ದರು. ಕಾಳು ಹಾಕುವ ಕೈ ಕತ್ತಿ ಹಿಡಿಯಬಾರದು ಎಂಬುದು ಅವಳ ಕಾನೂನು. ಯಾಕೆ ಎಂದು ಕೇಳಿದ್ದಕ್ಕೆ, “ಮಿಕ್ಕಿದ್ದವಕ್ಕೆ ಗೊತ್ತಾಗುತ್ತೆ” ಎಂದಳು.

“ಗೊತ್ತಾಗುತ್ತೆ ಅನ್ನೋಕೆ ಪುರಾವೆ ಏನಜ್ಜಿ?”

“ನೀನು ಕೋಳೀನಾ?”

“ಅಲ್ಲ.”

“ಮತ್ತೆ ಸುಮ್ನಿರು.”

ಅವಳಿಗೆ ಬೇಕಿದ್ದದ್ದು ಒಂದೇ: ಸಂಜೆ ಕೂಗಿದಾಗ ಕೋಳಿಗಳೆಲ್ಲ ಬರಬೇಕು. ಮಬ್ಬಾದ ಮೇಲೆ ಅವಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಪೊದೆ ಪೊದೆ ಹುಡುಕಿ ಹಿಡಿದು ತರುವುದು ಆಗದ ಮಾತು. ಹಟ್ಟಿಯ ಬಾಗಿಲಲ್ಲಿ ನಿಂತು “ಬಾ ಬಾ ಬಾ ಬಾ” ಎಂದು ಕೂಗಿದರೆ ಹುಂಜ, ಹೇಟೆ, ಮರಿ ಎಲ್ಲ ಕಾಲಿಗೆ ಕಾಲು ತೊಡರಿಸಿಕೊಂಡು ಓಡಿ ಬಂದು ಗೂಡು ಸೇರುತ್ತಿದ್ದವು. ಹೊರಗುಳಿದದ್ದು ಬೆಳಿಗ್ಗೆ ಸಿಗುತ್ತಿರಲಿಲ್ಲ; ಬರೀ ಪುಕ್ಕ ಸಿಗುತ್ತಿತ್ತು. ಬೆಟ್ಟದ ಬುಡ ಅಲ್ಲವೇ, ಕಾಡುಬೆಕ್ಕಿಗೆ ನಮ್ಮ ಅಂಗಳವೇ ಹೋಟೆಲು.

ಚಿಕ್ಕಪ್ಪ ಒಂದು ಬೆಳಿಗ್ಗೆ ಪ್ರಯೋಗಕ್ಕೆಂದು ಕೋಳಿಗಳನ್ನು ಬೇಲಿಯೊಳಗೆ ಬಿಟ್ಟರು. ಪಂಚೆ ಎತ್ತಿ ಕಟ್ಟಿ, ಮೊಣಕಾಲು ಬಗ್ಗಿಸಿ, ಕಬಡ್ಡಿಗೆ ನಿಂತವರಂತೆ ಒಳಗೆ ನುಗ್ಗಿದರು. ಕೋಳಿಗಳು ತಲೆ ಎತ್ತಿ ನೋಡಿದವು. ಮರುಕ್ಷಣ ಅಷ್ಟೂ ಅವರ ಕಡೆಗೇ ಓಡಿ ಬಂದವು. ಕಾಲ ಸುತ್ತ ನೆರೆದು, ಪಾದದ ಮೇಲೆ ಹತ್ತಿ, ‘ಕಾಳೆಲ್ಲಿ?’ ಎಂಬಂತೆ ಮುಖ ನೋಡಿದವು. ಒಂದು ಹೇಟೆ ಅವರ ಹೆಬ್ಬೆರಳಿನ ಉಗುರನ್ನೇ ಜೋಳದ ಕಾಳೆಂದು ಕುಕ್ಕಿತು.

ನಾನು ಬೇಲಿಗೆ ಆತುಕೊಂಡು ನಕ್ಕೆ. “ಬೇಟೆಗಾರರನ್ನ ಮಿಕ ಹಿಡ್ಕೊಂಡಿದೆ ಚಿಕ್ಕಪ್ಪ.”

ಅವರು ನಗಲಿಲ್ಲ. ಯೋಚನೆ ಮಾಡಿದರು. ಚಿಕ್ಕಪ್ಪ ಯೋಚನೆ ಮಾಡಿದರೆ ನನಗೆ ಭಯ.

“ನೀನೇ ಅಂದ್ಯಲ್ಲ, ಪ್ರಾಣಿಗೆ ತಪ್ಪಿಸ್ಕೊಳ್ಳೋ ಅವಕಾಶ ಇರ್ಬೇಕು ಅಂತ. ಇವಕ್ಕೆ ಓಡ್ಬೇಕು ಅಂತಾನೇ ಗೊತ್ತಿಲ್ಲ. ಹೆದರಿಕೆ ಕಲಿಸಿದ್ರೆ ಓಡ್ತವೆ, ಓಡಿದ್ರೆ ಅವಕಾಶ. ಅಂದ್ಮೇಲೆ ಹೆದರಿಸೋದೇ ನ್ಯಾಯ ಅಲ್ವಾ ಲಾಯರಮ್ಮ?”

ನನ್ನ ವಾದವನ್ನು ನನಗೇ ತಿರುಗಿಸಿ ಕೊಟ್ಟಿದ್ದರು. ನಿಜವಾದ ಉತ್ತರ ಸುಲಭವಿತ್ತು: ಓಟ ಕಲಿಸಿದ ಮಾತ್ರಕ್ಕೆ ಬೇಲಿ ಬಿದ್ದುಹೋಗುವುದಿಲ್ಲ, ಅದೇ ಮೆಶ್ಶಿಗೆ ಬಂದು ಬಡಿಯಲು ಕಲಿಸಿದಂತಾಗುತ್ತದೆ, ಅಷ್ಟೇ. ಆದರೆ ಆ ಕ್ಷಣಕ್ಕೆ ಅದು ಹೊಳೆಯಲಿಲ್ಲ. ಹೊಳೆದದ್ದು ಬೇರೆ. ಕೋಳಿ ನಿಜಕ್ಕೂ ಹೆದರಿಕೆ ಕಲಿಯುತ್ತದೆಯೇ, ನೋಡಿಯೇ ಬಿಡೋಣ ಎಂಬ ಕುತೂಹಲ. ಸಂಶಯವಾದಿಗೆ ಪ್ರಯೋಗ ಎಂದರೆ ಉಳಿದವರಿಗೆ ಬೋಂಡ ಇದ್ದ ಹಾಗೆ.

ಅಜ್ಜಿಗೆ ವಿಷಯ ತಿಳಿದಾಗ ಸಿಟ್ಟು ಬಂತು. ಸಿಟ್ಟು ಬಂದರೆ ಅವಳಿಗೆ ತವರಿನ ತೆಲುಗು ಬರುತ್ತದೆ. “ಅಯ್ಯೋ ದೇವುಡಾ! ಹೆದರೋದು ಕಲ್ಸಿದ್ರೆ ನನ್ನ ಕೂಗಿಗೆ ಯಾವುದು ಬರುತ್ತೋ? ನಿನ್ ಆಟಕ್ಕೆ ನನ್ ಕೋಳಿ ಕಾಡುಬೆಕ್ಕಿನ ಪಾಲಾಗ್ಲಾ?”

“ಅಮ್ಮ, ಅವು ಬೇರೆಯೋರಿಗೆ ಹೆದರ್ತವೆ, ನಿನಗಲ್ಲ” ಎಂದರು ಚಿಕ್ಕಪ್ಪ.

“ಅಜ್ಜಿ, ಹೋದ್ರೆ ನಾನು ಜವಾಬ್ದಾರಿ” ಎಂದೆ ನಾನು.

“ನೀನು ಕೂಗಿದ್ರೆ ಬರ್ತವೇನೇ? ಜವಾಬ್ದಾರಿಯಂತೆ! ನೋರು ಮುಯ್ಯವೇ.” ಬಾಯಿ ಮುಚ್ಚು ಎಂದರ್ಥ. ಅದನ್ನು ಅವಳು ಎರಡೂ ಭಾಷೆಯಲ್ಲಿ ನನಗೆ ಸಾಕಷ್ಟು ಸಲ ಹೇಳಿದ್ದಾಳೆ.

ಮರುದಿನದಿಂದ ಪಾಠ ಶುರುವಾಯಿತು. ಬೆಳಿಗ್ಗೆ ಎದ್ದು, ಸ್ಟೀಲ್ ತಟ್ಟೆಗೆ ಸೌಟಿನಿಂದ ಬಡಿಯುತ್ತ, ಹುಲಿ ವೇಷದವರ ಹಾಗೆ ಬೇಲಿಯೊಳಗೆ ನುಗ್ಗುತ್ತಿದ್ದೆ. ಮೊದಲ ದಿನ ಅವು ತಟ್ಟೆ ಕಂಡು ಊಟ ಎಂದುಕೊಂಡವು. ಎರಡನೆಯ ದಿನ ಸ್ವಲ್ಪ ಅನುಮಾನ ಪಟ್ಟವು. ವಾರ ತುಂಬುವ ಹೊತ್ತಿಗೆ ನನ್ನ ಚಪ್ಪಲಿ ಸದ್ದು ಕೇಳಿದರೆ ಸಾಕು, ಆ ಮೂಲೆಯಿಂದ ಈ ಮೂಲೆಗೆ ರೆಕ್ಕೆ ಬಡಿದು ಹಾರುತ್ತಿದ್ದವು. ಕೆಲವು ಕಲ್ಲುಕಂಬದ ತುದಿಗೇ ಏರಿ ಕೂರತೊಡಗಿದವು. ಬೋಧನೆಯಲ್ಲಿ ನನಗೆ ಇಷ್ಟು ಯಶಸ್ಸು ಸಿಕ್ಕಿದ್ದು ಅದೇ ಮೊದಲು. ಚಿಕ್ಕಪ್ಪ ಕಾಫಿ ಲೋಟ ಹಿಡಿದು ನೋಡುತ್ತ, “ಭಲೇ, ಭಲೇ” ಎನ್ನುತ್ತಿದ್ದರು.

ಸಂಜೆಯ ಕೂಗು ಮಾತ್ರ ಕೆಟ್ಟಿತು. ಅಜ್ಜಿ ಕರೆಯುವಾಗ ನಾನು ಜಗಲಿಯಲ್ಲಿ ಪುಸ್ತಕ ಹಿಡಿದು ಕೂತಿದ್ದರೆ ಕೋಳಿಗಳು ಅರ್ಧ ಅಂಗಳಕ್ಕೆ ಬಂದು ನಿಲ್ಲುತ್ತಿದ್ದವು. ಒಂದು ಕಣ್ಣು ಅಜ್ಜಿಯ ಕೈಮೇಲೆ, ಇನ್ನೊಂದು ನನ್ನ ಮೇಲೆ. ಅಜ್ಜಿ ಮಬ್ಬಿನಲ್ಲಿ ಕಣ್ಣು ಕಿರಿದು ಮಾಡಿ ಹುಡುಕುತ್ತಿದ್ದಳು. “ಬಾ ಬಾ... ಎಲ್ ಹೋದ್ವೇ?” ನಾನು ಒಳಗೆ ಹೋಗುತ್ತಿದ್ದೆ. ಆಮೇಲೆ ಬರುತ್ತಿದ್ದವು. ಅಜ್ಜಿಯ ಕೂಗು ದಿನದಿನಕ್ಕೆ ಉದ್ದವಾಗುತ್ತಿತ್ತು, ಅದು ನನಗೆ ಕೇಳಿಸುತ್ತಲೂ ಇತ್ತು. ಆದರೂ ಬರುವ ಶನಿವಾರಕ್ಕೆ ಮೊದಲ ಅತಿಥಿಗಳು ಬುಕ್ ಮಾಡಿಬಿಟ್ಟಿದ್ದರು.

ಬಂದವರು ಒಂದೇ ಆಫೀಸಿನ ನಾಲ್ವರು. ಬೆಟ್ಟ ಇಳಿದು ಶೂ ತುಂಬ ಮಣ್ಣು ಮಾಡಿಕೊಂಡು, ನಗುನಗುತ್ತ ಮಾತಾಡುತ್ತ ಬಂದರು. ಚಿಕ್ಕಪ್ಪ ಗೇಟು ತೆರೆದು, “ಇವು ತುಂಬಾ ಫಾಸ್ಟು ಸಾರ್, ಹುಷಾರು” ಎಂದು ಎಚ್ಚರಿಕೆ ಕೊಟ್ಟು ಒಳಗೆ ಬಿಟ್ಟರು. ನಾನು ಮನೆಯ ಗೋಡೆ ಮರೆಯಲ್ಲಿ ನಿಂತಿದ್ದೆ.

ಕೋಳಿಗಳು ತಲೆ ಎತ್ತಿದವು. ನಾಲ್ವರನ್ನೂ ನೋಡಿದವು. ಓಡಿ ಬಂದು ಅವರ ಕಾಲ ಸುತ್ತ ನೆರೆದವು.

ಅವು ಮನುಷ್ಯರಿಗೆ ಹೆದರಲು ಕಲಿತಿರಲೇ ಇಲ್ಲ. ನನಗೆ ಮಾತ್ರ ಹೆದರಲು ಕಲಿತಿದ್ದವು.

ನಾಲ್ವರಲ್ಲಿ ಒಬ್ಬಳು ಕುಕ್ಕರುಗಾಲಲ್ಲಿ ಕೂತು ಬಿಸ್ಕತ್ತು ಮುರಿದು ಹಾಕತೊಡಗಿದಳು. ಎತ್ತರದ ಹುಡುಗನೊಬ್ಬ ಬಗ್ಗಿ, ಮಗು ಎತ್ತಿಕೊಂಡಂತೆ ಒಂದು ಹೇಟೆಯನ್ನು ಕಂಕುಳಿಗೆ ಎತ್ತಿಕೊಂಡ. ಅದು ಅವನ ಗಡಿಯಾರವನ್ನು ಆಸಕ್ತಿಯಿಂದ ನೋಡಿತು.

“ಅಷ್ಟೇನಾ ಅಂಕಲ್?” ಎಂದ ಅವನು.

“ಅದು... ಅದಕ್ಕೆ ಹುಷಾರಿಲ್ಲ ಸಾರ್.”

“ವಿಡಿಯೋನೇ ಬರ್ಲಿಲ್ಲ. ಬಿಟ್ಟು ಇನ್ನೊಂದ್ಸಲ ಹಿಡೀಲಾ?”

ಅವನು ಬಿಟ್ಟ. ಅದು ಹೋಗಲಿಲ್ಲ. ಅವನು “ಶೂ, ಶೂ” ಎಂದ. ಅದು ಅವನ ಶೂ ಕುಕ್ಕಿತು. ಬಿಸ್ಕತ್ತಿನ ಹುಡುಗಿ, “ಇದನ್ನ ತಿನ್ನೋದಾ? ಪಾಪ, ಇದು ನಮ್ಮನ್ನ ನಂಬಿದೆ ಕಣ್ರೋ” ಎಂದಳು. ಬೇಟೆಯ ಹುರುಪು ನಾಲ್ವರ ಮುಖದಿಂದಲೂ ಇಳಿದುಹೋಯಿತು. ಆ ಹುಡುಗಿಯ ವಾದದಲ್ಲಿ ನನಗೆ ಒಂದು ತೂತು ಕಂಡಿತು: ನಂಬದ ಕೋಳಿಯಾದರೆ ತಿನ್ನಬಹುದೇ? ಕೇಳಲು ಬಾಯಿ ತುರಿಸಿತು. ಅಷ್ಟರಲ್ಲಿ ಚಿಕ್ಕಪ್ಪ ಗೋಡೆಯ ಕಡೆ ತಿರುಗಿ ಕೂಗಿದರು.

“ಲಾಯರಮ್ಮಾ, ಬಾರಮ್ಮ ಇಲ್ಲಿ! ಒಳಗೆ ಬಂದು ನಡೂಮಧ್ಯ ನಿಂತ್ಕೋ, ಸಾಕು!”

ಬೇಟೆ ನಡೆಯಬೇಕಾದರೆ ಬೇಟೆನಾಯಿ ಬೇಕು, ಆ ಹುದ್ದೆ ನನ್ನದು ಎಂದು ಆಗ ಅರ್ಥವಾಯಿತು. ಅಡುಗೆಮನೆ ಬಾಗಿಲಲ್ಲಿ ಅಜ್ಜಿ ಸೆರಗಿನಲ್ಲಿ ಕೈ ಒರೆಸುತ್ತ, “ಹೋಗ್ಬೇಡ ಕಣೇ” ಎಂದಳು. ಇತ್ತ ಚಿಕ್ಕಪ್ಪನ ಮುಖ ನೋಡಲಾಗುತ್ತಿರಲಿಲ್ಲ. ಮೊದಲ ಅತಿಥಿಗಳ ಮುಂದೆ ಅವರು ಬೆವೆತು ಹೋಗಿದ್ದರು. ಒಂದೇ ಒಂದು ಹೆಜ್ಜೆ, ನೋಡೋಣ ಎಂದು ಗೇಟಿನೊಳಗೆ ಕಾಲಿಟ್ಟೆ.

ಸ್ಫೋಟವಾಯಿತು. ಅಷ್ಟೂ ಕೋಳಿಗಳು ಒಮ್ಮೆಗೇ ಕಿರುಚಿ ಎದ್ದವು. ಮೆಶ್ಶಿಗೆ ಬಡಿದವು, ಬಿದ್ದವು, ಮತ್ತೆ ಎದ್ದವು. ಬಿಸ್ಕತ್ತಿನ ಹುಡುಗಿ ತಲೆ ಮೇಲೆ ಕೈ ಮುಚ್ಚಿಕೊಂಡಳು. ಎತ್ತರದ ಹುಡುಗ ಮೊಬೈಲನ್ನು ಮೇಲೆತ್ತಿದ. ಕಲ್ಲುಕಂಬ ಹತ್ತುವ ವಿದ್ಯೆ ನಾನೇ ಕಲಿಸಿದ್ದೆನಲ್ಲ. ಮೊದಲು ಹುಂಜ ಕಂಬದ ತುದಿಗೆ ಏರಿತು, ಅಲ್ಲಿಂದ ಬೇಲಿಯಾಚೆಯ ಹುಣಸೆ ಮರಕ್ಕೆ ಹಾರಿತು. ಅದರ ಹಿಂದೆ ಒಂದೊಂದಾಗಿ ಎಲ್ಲವೂ ಹೋದವು. ಬೇಲಿಯೊಳಗೆ ಉಳಿದವರು ನಾವು ಐದು ಜನ ಮತ್ತು ಗಾಳಿಯಲ್ಲಿ ಇಳಿಯುತ್ತಿದ್ದ ಪುಕ್ಕ.

“ಈಗ ನ್ಯಾಯವಾಗಿ ತಪ್ಪಿಸಿಕೊಂಡ್ವು ಚಿಕ್ಕಪ್ಪ” ಎಂದೆ. ಅವರು ಬೆನ್ನು ತಿರುಗಿಸಿ ಹುಣಸೆ ಮರದ ಕಡೆ ನಡೆದರು. ವಾದದಲ್ಲಿ ಗೆದ್ದು ಅಷ್ಟು ಒಂಟಿಯಾದದ್ದು ಅದಕ್ಕೆ ಮೊದಲಿಲ್ಲ.

ಅತಿಥಿಗಳಿಗೆ ಅಜ್ಜಿ ಮೊಟ್ಟೆ ಸಾರು, ಮುದ್ದೆ ಬಡಿಸಿದಳು. ಚೆನ್ನಾಗಿ ಉಂಡರು. ವಿಡಿಯೋ ಅದ್ಭುತವಾಗಿ ಬಂದಿದೆ ಎಂದು ಎತ್ತರದ ಹುಡುಗ ಎಲ್ಲರಿಗೂ ತೋರಿಸಿದ. ಅದರಲ್ಲಿ ಬಾಯಿ ತೆರೆದು ನಿಂತ ನಾನೊಬ್ಬಳೇ ಸ್ಪಷ್ಟವಾಗಿದ್ದೆ. ಅವರು ಹೋದರು. ಕೋಳಿಗಳು ಇಳಿಯಲಿಲ್ಲ.

ಹೊತ್ತು ಇಳಿಯಿತು. ಅಜ್ಜಿ ಹುಣಸೆ ಮರದ ಕೆಳಗೆ ನಿಂತು ಕೂಗತೊಡಗಿದಳು. “ಬಾ ಬಾ ಬಾ ಬಾ.” ಮೇಲೆ ಎಲೆಗಳ ನಡುವೆ ಕೊಕ್ ಕೊಕ್ ಸದ್ದು ಕೇಳಿತು, ಒಂದೂ ಅಲುಗಲಿಲ್ಲ. ಚಿಕ್ಕಪ್ಪ ಏಣಿ ತರಲೇ ಎಂದರು. “ಏಣಿ ಇಟ್ರೆ ಇನ್ನೂ ಮೇಲ್ ಹೋಗ್ತವೆ” ಎಂದಳು. ಕತ್ತು ಮೇಲೆತ್ತಿ ನೋಡಿದಳು. ಅವಳಿಗೆ ಅಲ್ಲಿ ಎಲೆ ಯಾವುದು, ಕೋಳಿ ಯಾವುದು ಎಂದು ಕಾಣುತ್ತಿರಲಿಲ್ಲ. “ಹುಂಜ ಐತೇನೇ? ಚುಕ್ಕೆ ಹೇಟೆ ಐತಾ?” ಎಂದು ನನ್ನನ್ನೇ ಕೇಳಿದಳು. ಎಲ್ಲ ಇವೆ ಅಜ್ಜಿ ಎಂದೆ. ನನ್ನ ದನಿ ಕೇಳಿ ಮೇಲೆ ರೆಂಬೆ ನಡುಗಿತು.

ಅಜ್ಜಿ ನನ್ನ ಕಡೆ ತಿರುಗಿದಳು. ಬೈಯಲಿಲ್ಲ. “ನೀನು ಹೋಗು” ಎಂದಳು.

“ಎಲ್ಲಿಗೆ?”

“ಕಾಣದಂಗೆ ಎಲ್ಲಾದ್ರೂ ಹೋಗೇ.”

ಮನೆಯೊಳಗೆ ಹೋಗಿ ಹಿಂದಿನ ಕೋಣೆ ಸೇರಿದೆ. ಕಿಟಕಿಯನ್ನು ಒಂದು ಬೆರಳಿನಷ್ಟು ತೆರೆದು ಇಣುಕಿದೆ. ಅಜ್ಜಿ ಕೂಗುತ್ತಲೇ ಇದ್ದಳು, ದನಿ ಒಡೆಯುತ್ತಿತ್ತು. ಚಿಕ್ಕಪ್ಪ ಪಕ್ಕದಲ್ಲಿ ಕಾಳಿನ ಮೊರ ಹಿಡಿದು ನಿಂತಿದ್ದರು, ಶಾಲೆಯಲ್ಲಿ ಶಿಕ್ಷೆಗೆ ನಿಲ್ಲಿಸಿದ ಹುಡುಗನ ಹಾಗೆ. ಕೊನೆಗೆ ಚುಕ್ಕೆ ಹೇಟೆ ಧಪ್ಪನೆ ನೆಲಕ್ಕೆ ಬಿತ್ತು. ಸುತ್ತ ನೋಡಿತು. ನಾನಿಲ್ಲ ಎಂದು ಖಾತ್ರಿ ಮಾಡಿಕೊಂಡು ಅಜ್ಜಿಯ ಕಾಲ ಬಳಿ ಓಡಿತು. ಆಮೇಲೆ ಇನ್ನೊಂದು, ಮತ್ತೊಂದು. ಎಲ್ಲಕ್ಕಿಂತ ಕೊನೆಗೆ, ಮರ್ಯಾದೆ ಉಳಿಸಿಕೊಳ್ಳುತ್ತ, ಹುಂಜ. ಅಜ್ಜಿ ಒಂದೊಂದರ ಬೆನ್ನು ಮುಟ್ಟಿ ನೋಡಿ ಗೂಡಿಗೆ ಬಿಟ್ಟಳು.

ಬೋರ್ಡನ್ನು ಚಿಕ್ಕಪ್ಪ ಮರುದಿನ ತಾವೇ ಇಳಿಸಿದರು. “ನಿನ್ನ ವಾದಕ್ಕೆ ಸೋತು ಅಲ್ಲ” ಎಂದು ಎರಡು ಸಲ ಹೇಳಿದರು. ಬೇಲಿಯೊಳಗೆ ಈಗ ಹುರುಳಿಕಾಯಿ ಇದೆ. ನನ್ನ ಮೇಲೆ ಹೊಸ ಕಾನೂನು ಬಂತು: ಗೂಡಿನ ಬಾಗಿಲು ಹಾಕುವವರೆಗೆ ನಾನು ಜಗಲಿಗೆ ಬರಕೂಡದು. ಇದು ಅನ್ಯಾಯ, ಕಲಿಸಿದ್ದನ್ನು ಮರೆಸುವ ಅವಕಾಶ ನನಗೂ ಇರಬೇಕು, ನಾನೂ ಕೈಯಲ್ಲಿ ಕಾಳು ಹಿಡಿದು ಕೂರುತ್ತೇನೆ ಎಂದು ಒಳಗಿನಿಂದಲೇ ಅಜ್ಜಿಗೆ ಪಾಯಿಂಟ್ ಮೇಲೆ ಪಾಯಿಂಟ್ ಹೇಳಿದೆ.

ಅಜ್ಜಿ ಕಿಟಕಿ ಬಳಿ ಬಂದಳು.

“ಮೆಲ್ಲಗೆ ಮಾತಾಡೇ” ಎಂದಳು, “ಇನ್ನೂ ಎರಡು ಹೊರಗವೆ.”