ಫ್ಯಾನ್ ಬಂದ್ ಮಾಡಿ ನೋಡುವ ನಾಣ್ಯ

ರಾಯಚೂರಿನ ಬೇಸಿಗೆಯಲ್ಲಿ ಮಧ್ಯಾಹ್ನ ಫ್ಯಾನ್ ಬಂದ್ ಮಾಡುವವನನ್ನು ಮನೆಯವರು ಹುಚ್ಚ ಅನ್ನುತ್ತಾರೆ, ಇಲ್ಲವೇ ವೈರಿ ಅನ್ನುತ್ತಾರೆ. ನಮ್ಮ ಮನೆಯಲ್ಲಿ ನನಗೆ ಎರಡೂ ಅಂದಿದ್ದಾರೆ. ಕಾರಣ ಒಂದು ನಾಣ್ಯ.

ನಾಣ್ಯ ಎಂದ ಕೂಡಲೇ ಅಂಗೈಯಲ್ಲಿ ಭಾರವಾಗಿ ಕೂಡುವ ಬಿಲ್ಲೆಯನ್ನು ನೆನೆಸಿಕೊಳ್ಳಬೇಡಿ. ಇದು ತೊಗರಿಬೇಳೆಯಷ್ಟಿದೆ, ತೂಕವನ್ನು ಗುಲಗಂಜಿಯ ಲೆಕ್ಕದಲ್ಲೇ ಹೇಳಬೇಕು. ಎರಡೂವರೆ ಸಾವಿರ ವರ್ಷಗಳ ಹಿಂದೆ, ಇವತ್ತಿನ ಟರ್ಕಿಯ ಕಡಲ ದಂಡೆಯ ಗ್ರೀಕ್ ಊರೊಂದರಲ್ಲಿ ಯಾರೋ ಪುಣ್ಯಾತ್ಮ ಕೂತು ಅದರ ಮೇಲೆ ಬಾಯಿ ತೆರೆದ ಸಿಂಹದ ಮುಖ ಒತ್ತಿದ್ದಾನೆ. ಹಿಂದುಗಡೆ ಉಳಿಯ ಏಟು ಬಿದ್ದು ಚೌಕಾಕಾರದ ಗುಳಿಯಾಗಿದೆ. ಲೋಹದ ಹೆಸರು ಎಲೆಕ್ಟ್ರಮ್. ಬಂಗಾರ ಮತ್ತು ಬೆಳ್ಳಿ ನೆಲದೊಳಗೇ ಒಂದಾಗಿ ಹುಟ್ಟಿದ್ದು. ಬಣ್ಣ ಬಂಗಾರದಷ್ಟು ಹಳದಿಯಲ್ಲ, ಬೆಳ್ಳಿಯಷ್ಟು ಬಿಳಿಯೂ ಅಲ್ಲ.

ನಾನು ದೇವದುರ್ಗದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವವನು. ದಿನಾ ರಾಯಚೂರಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಗ್ರೀಕರ ಪಾಠ ಮಾಡಿ ಮಾಡಿ, ಅವರು ಮುಟ್ಟಿದ ಒಂದು ವಸ್ತುವನ್ನಾದರೂ ನಾನು ಮುಟ್ಟಬೇಕು ಎಂಬ ಹುಚ್ಚು ಹಿಡಿಯಿತು. ಹೈದರಾಬಾದಿನ ಹಿರಿಯ ಸಂಗ್ರಾಹಕರೊಬ್ಬರು ತಮ್ಮ ಸಂಗ್ರಹ ಬಿಟ್ಟುಕೊಡುವಾಗ ಕಾಗದಪತ್ರ ಸಮೇತ ಇದನ್ನು ನನಗೆ ಕೊಟ್ಟರು. ಬೆಲೆ ನನ್ನ ಹೆಂಡತಿಗೆ ಹೇಳಿಲ್ಲ, ಹಾಗಾಗಿ ನಿಮಗೂ ಹೇಳುವುದಿಲ್ಲ.

ಇಷ್ಟು ಸಣ್ಣದನ್ನು ಬಿಚ್ಚಿ ನೋಡುವುದೇ ಒಂದು ವ್ರತ. ಮೇಜಿನ ಮೇಲೆ ಕಪ್ಪು ಬಟ್ಟೆ ಹಾಸಬೇಕು. ಭೂತಗನ್ನಡಿ ಕಣ್ಣಿಗೆ ಹಿಡಿಯಬೇಕು. ಸೀನು ಬರುವ ಸೂಚನೆಯಿದ್ದವರು ಆಚೆ ಹೋಗಬೇಕು. ಎಲ್ಲಕ್ಕಿಂತ ಮೊದಲು ಫ್ಯಾನ್ ಬಂದ್ ಮಾಡಬೇಕು, ಗಾಳಿಗೆ ಹಾರಿ ಮಂಚದ ಕೆಳಗೆ ಸೇರಿಕೊಂಡರೆ ಗ್ರೀಕ್ ಇತಿಹಾಸ ಕಸಬರಿಗೆಯ ಪಾಲು. ನಾನು ಸಿಂಹದ ಮೀಸೆ ಹುಡುಕುತ್ತ ಕೂತಿರುವಷ್ಟು ಹೊತ್ತು ಅವ್ವ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, ಬೆವರು ಒರೆಸಿಕೊಳ್ಳುತ್ತ, ಬೈಯುತ್ತ ಕೂತಿರುತ್ತಾಳೆ. ಹೆಂಡತಿ ಬೈಯುವುದಿಲ್ಲ. ಎದ್ದು ಪಕ್ಕದ ಮನೆಗೆ ಹೋಗುತ್ತಾಳೆ, ಅದು ಇನ್ನೂ ಕೆಟ್ಟದ್ದು.

ಯಾಕೆಂದರೆ ಪಕ್ಕದ ಮನೆಯವರು ಶಕ್ತಿನಗರದ ಥರ್ಮಲ್‌ನಲ್ಲಿ ಕರೆಂಟ್ ತಯಾರಿಸುವ ನೌಕರಿ ಮಾಡಿ ನಿವೃತ್ತರಾದವರು. ಎಲೆಕ್ಟ್ರಮ್ ಎಂಬ ಮಾತು ಅವರ ಕಿವಿಗೆ ಬಿದ್ದದ್ದೇ ತಡ, ಅದು ಕರೆಂಟಿಗೆ ಸಂಬಂಧಪಟ್ಟದ್ದೆಂದು ಅವರು ತೀರ್ಮಾನ ಕೊಟ್ಟರು. ನಮ್ಮ ಮನೆಯಲ್ಲಿ ನಾಣ್ಯ ಹೊರಗೆ ಬಂದಾಗಲೆಲ್ಲ ಫ್ಯಾನ್ ನಿಲ್ಲುವುದು ಅದಕ್ಕೆ ಸಾಕ್ಷಿಯೂ ಆಯಿತು. ವಾರ ಕಳೆಯುವುದರೊಳಗೆ ಓಣಿಯಲ್ಲೆಲ್ಲ ಅದು ಕರೆಂಟ್ ನಾಣ್ಯ. ಒಮ್ಮೆ ನಿಜಕ್ಕೂ ಕರೆಂಟ್ ಹೋದಾಗ ಎದುರು ಮನೆಯಾಕೆ ಬಂದು, ಸರ್, ಇವತ್ತು ಬೇಗ ಮುಗಿಸಿ, ನಮ್ಮ ಮಿಕ್ಸರ್ ನಿಂತಿದೆ ಎಂದು ಹೇಳಿ ಹೋದಳು. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಎರಡು ಭಾಷೆಗಳ ವ್ಯುತ್ಪತ್ತಿ ಸಮೇತ ಬಿಡಿಸಿ ಹೇಳಿದೆ. ಆಕೆ ಎಲ್ಲ ಕೇಳಿಸಿಕೊಂಡು, ಹಾಗಾದರೆ ಕರೆಂಟ್ ಯಾವಾಗ ಬರುತ್ತದೆ ಎಂದು ಕೇಳಿದಳು.

ಇರಲಿ. ಕಥೆ ಇರುವುದು ಮಾನ್ವಿಯಲ್ಲಿ.

ಮಾನ್ವಿಯಲ್ಲಿ ನನ್ನ ಅಕ್ಕ ಇದ್ದಾಳೆ, ಅಂಗನವಾಡಿ ಟೀಚರ್. ನಾವು ಸಣ್ಣವರಿದ್ದಾಗ ಮನೆಯಲ್ಲಿ ಕುರಿ ಕಾಯಲು ಒಬ್ಬರು ಬೇಕಿತ್ತು, ಶಾಲೆಗೆ ಒಬ್ಬರು ಹೋಗಬಹುದಿತ್ತು. ಅಕ್ಕ ಕೋಲು ಹಿಡಿದಳು, ನಾನು ಪಾಟಿ ಹಿಡಿದೆ. ಮುಂದೆ ಮದುವೆಯಾಗಿ ಮಕ್ಕಳಾದ ಮೇಲೆ ಹಟ ಹಿಡಿದು ಹತ್ತನೇ ಇಯತ್ತೆ ಪಾಸು ಮಾಡಿ ಈ ಕೆಲಸ ಹಿಡಿದಳು. ಇಷ್ಟು ವರ್ಷ ಬಾಡಿಗೆ ಮನೆಗಳಲ್ಲೇ ಇದ್ದಳು. ಗೋಡೆಗೆ ಮೊಳೆ ಹೊಡೆಯಬಾರದು, ಬಾಗಿಲಿಗೆ ಅರಿಶಿಣ ಹಚ್ಚಿದರೆ ಬಣ್ಣ ಹೋಗುತ್ತದೆ ಎಂದು ಹೇಳುವ ಮಾಲೀಕರ ಮನೆಗಳು. ಈಗ ಕೊನೆಗೂ ಸ್ವಂತ ಮನೆ ಕಟ್ಟಿಸತೊಡಗಿದ್ದಳು. ಮುಂಬಾಗಿಲ ಚೌಕಟ್ಟು ನಿಲ್ಲಿಸುವ ದಿನ ಗೊತ್ತಾಯಿತು.

ಚೌಕಟ್ಟು ನಿಲ್ಲಿಸುವಾಗ ಹೊಸ್ತಿಲ ಕೆಳಗೆ ನವಧಾನ್ಯದ ಜೊತೆ ಒಂದು ಚೂರು ಬಂಗಾರ ಇಡುವುದು ನಮ್ಮ ಕಡೆಯ ರೂಢಿ. ಆ ಬಂಗಾರ ಹೆಣ್ಣುಮಗಳ ತವರಿನಿಂದ ಹೋಗಬೇಕೆಂಬುದು ಅವ್ವನ ಹಟ. ತವರು ಎಂದರೆ ನಾನೇ. ದೇವದುರ್ಗದಲ್ಲಿ ಕಾಲೇಜು ಮುಗಿಸಿ ಪರಿಚಯದ ಪತ್ತಾರನ ಅಂಗಡಿಗೆ ಹೋಗಿ, ತಾಳಿಯಲ್ಲಿ ಪೋಣಿಸುವಂಥ ಒಂದು ಬಂಗಾರದ ಗುಂಡು ಕೊಂಡೆ.

ಅಲ್ಲಿಗೆ ಸುಮ್ಮನೆ ಬಂದಿದ್ದರೆ ಮುಗಿಯುತ್ತಿತ್ತು. ನನ್ನ ಜೇಬಿನಲ್ಲಿ ನಾಣ್ಯ ಇತ್ತು. ಅವನ ಸಣ್ಣ ತಕ್ಕಡಿಯಲ್ಲಿ ಅದನ್ನೊಮ್ಮೆ ತೂಗಿಸಿ ನೋಡುವ ಆಸೆಯಿಂದ ಬೆಳಿಗ್ಗೆಯೇ ಇಟ್ಟುಕೊಂಡು ಬಂದಿದ್ದೆ. ಪತ್ತಾರ ಅದನ್ನು ಬೆರಳ ತುದಿಗೆ ಅಂಟಿಸಿಕೊಂಡು ನೋಡಿ ಮುಖ ಸಿಂಡರಿಸಿದ. ಕಲಬೆರಕೆ, ಸರ್, ಯಾರೋ ನಿಮಗೆ ಟೋಪಿ ಹಾಕಿದ್ದಾರೆ, ಕೊಡಿ ಕರಗಿಸಿ ಬೆಳ್ಳಿ ತೆಗೆದು ಮನೆಯವರಿಗೆ ಮೂಗುಬಟ್ಟು ಮಾಡಿಕೊಡುತ್ತೇನೆ ಎಂದ. ಹಾಗೆ ಹೇಳುತ್ತಲೇ ಒರೆಗಲ್ಲಿನ ಕಡೆಗೆ ಕೈ ಚಾಚಿದ. ನಾನು ಎಗರಿ ಅವನ ಕೈ ಹಿಡಿದುಕೊಂಡೆ. ನನ್ನ ಗಾಬರಿ ಕಂಡು ಅವನಿಗೆ ನಾನು ಕದ್ದ ಮಾಲು ತಂದಿದ್ದೇನೆಂಬ ಗುಮಾನಿ ಬಂದಿರಬೇಕು, ಗಡಬಡಿಸಿ ಎರಡನ್ನೂ ಬೇರೆ ಬೇರೆ ಗುಲಾಬಿ ಕಾಗದದಲ್ಲಿ ಮಡಚಿ ಕೊಟ್ಟ. ಪತ್ತಾರರು ಬಂಗಾರ ಕಟ್ಟಿಕೊಡುವ ಆ ತೆಳ್ಳನೆ ಗುಲಾಬಿ ಕಾಗದ ನಿಮಗೂ ಗೊತ್ತು. ಎರಡು ಪೊಟ್ಟಣ, ಅಕ್ಕತಂಗಿಯರ ಹಾಗೆ ಒಂದೇ ಥರ.

ಮನೆಗೆ ಬಂದು ಎರಡನ್ನೂ ಕಪಾಟಿನಲ್ಲಿಟ್ಟೆ. ಚೌಕಟ್ಟು ನಿಲ್ಲಿಸುವ ಹಿಂದಿನ ದಿನ ಅವ್ವ ಮತ್ತು ಹೆಂಡತಿ ಮಾನ್ವಿಗೆ ಹೊರಟಾಗ ನಾನು ಉತ್ತರಪತ್ರಿಕೆಗಳ ನಡುವೆ ಮುಳುಗಿದ್ದೆ. ಬಂಗಾರ ಎಲ್ಲಿದೆ ಎಂದು ಅವ್ವ ಕೇಳಿದಳು. ಕಪಾಟಿನಲ್ಲಿ ಗುಲಾಬಿ ಕಾಗದದಲ್ಲಿದೆ, ತೆಗೆದುಕೋ ಎಂದೆ, ತಲೆ ಎತ್ತದೆ.

ಮರುದಿನ ಬೆಳಿಗ್ಗೆ ಮನೆಯಲ್ಲಿ ನಾನೊಬ್ಬನೇ. ಬೈಯುವವರು ಯಾರೂ ಇಲ್ಲ, ಮಾನ್ವಿಯ ಬಸ್ಸಿಗೆ ಇನ್ನೂ ಹೊತ್ತಿದೆ. ಫ್ಯಾನ್ ಬಂದ್ ಮಾಡಿ, ಕಪ್ಪು ಬಟ್ಟೆ ಹಾಸಿ, ಕಪಾಟಿನಲ್ಲಿ ಉಳಿದಿದ್ದ ಪೊಟ್ಟಣ ಬಿಚ್ಚಿದೆ. ಭೂತಗನ್ನಡಿಯಲ್ಲಿ ಗುಂಡಗೆ, ಹಳದಿಯಾಗಿ, ಥಳಥಳ ಹೊಳೆಯುತ್ತ ಒಂದು ಗುಂಡು ಕೂತಿತ್ತು. ಸಿಂಹ ಇರಲಿಲ್ಲ.

ಹೆಂಡತಿಗೆ ಫೋನ್ ಹಚ್ಚಿದೆ, ಎತ್ತಲಿಲ್ಲ. ಅಕ್ಕನಿಗೆ ಹಚ್ಚಿದೆ, ಎತ್ತಲಿಲ್ಲ. ಪೂಜೆಯ ಮನೆಯಲ್ಲಿ ಫೋನುಗಳೆಲ್ಲ ಚೀಲದಲ್ಲಿರುತ್ತವೆ ಎಂಬುದು ಗೊತ್ತಿದ್ದರೂ ಹಚ್ಚುತ್ತಲೇ ಇದ್ದೆ. ಬಸ್ ಸ್ಟ್ಯಾಂಡಿಗೆ ಓಡಿ ಸಿಕ್ಕ ಮಾನ್ವಿ ಬಸ್ ಹತ್ತಿದೆ. ಅದು ಕೈ ಅಡ್ಡ ಹಾಕಿದವರಿಗೆಲ್ಲ ನಿಂತಿತು. ಒಂದು ಕಡೆ ಕೋಳಿ ಬುಟ್ಟಿ ಇಳಿಸಲು ನಿಂತು, ಕೋಳಿಯ ಮಾಲೀಕ ಚಪ್ಪಲಿ ಮರೆತನೆಂದು ಮತ್ತೆ ನಿಂತಿತು. ನಾನು ಗ್ರೀಕ್ ದೇವರುಗಳಿಗೂ ನಮ್ಮ ದೇವರುಗಳಿಗೂ ಸಮನಾಗಿ ಹರಕೆ ಹೊತ್ತೆ.

ನಾನು ಇಳಿದು ಓಡಿದಾಗ ಚೌಕಟ್ಟು ನಿಂತಿತ್ತು. ಕುಂಕುಮ ಅರಿಶಿಣ ಹಚ್ಚಿಕೊಂಡು, ಮಾವಿನ ತೋರಣ ಕಟ್ಟಿಕೊಂಡು, ಬುಡಕ್ಕೆ ಹಸಿ ಸಿಮೆಂಟ್ ಹಾಕಿಸಿಕೊಂಡು ನಿಂತಿತ್ತು. ಅಕ್ಕ ಹೊಸ ಇಳಕಲ್ ಸೀರೆ ಉಟ್ಟು ಅದರ ಪಕ್ಕ ನಿಂತು ಬಂದವರಿಗೆಲ್ಲ ಬುಟ್ಟಿಯಿಂದ ಚುನಮುರಿ, ಅಂದರೆ ಮಂಡಕ್ಕಿ, ಕೊಡುತ್ತಿದ್ದಳು. ನನ್ನ ಕಣ್ಣು ಮಾತ್ರ ಸಿಮೆಂಟಿನ ಮೇಲೆ. ಇನ್ನೂ ಹಸಿಯಿದೆ, ಈಗ ತೆಗೆದರೆ ಉಂಟು, ಸಂಜೆಯಾದರೆ ಇಲ್ಲ.

ನಿಜ ಹೇಳಬಹುದಿತ್ತು. ಅಷ್ಟು ಜನರ ಮುಂದೆ, ಅಕ್ಕನಿಗೆ ಕೊಟ್ಟ ಸೀರೆಗೂ ಲೆಕ್ಕ ಕೇಳುವ ಹೆಂಡತಿಯ ಮುಂದೆ, ಆ ನಾಣ್ಯದ ಕಥೆ ಬಿಚ್ಚುವ ಧೈರ್ಯ ಬರಲಿಲ್ಲ. ಚೌಕಟ್ಟು ಓರೆಯಾಗಿದೆ ಎಂದುಬಿಟ್ಟೆ. ಬಡಿಗ ಕಣ್ಣು ಕೆಂಪಗೆ ಮಾಡಿ ರಸಮಟ್ಟ ತಂದು ಇಟ್ಟ. ಅದರೊಳಗಿನ ಗುಳ್ಳೆ ನಟ್ಟ ನಡುವೆ ಹೋಗಿ ಕೂತಿತು, ಅಲುಗಾಡಲಿಲ್ಲ. ಎಲ್ಲರೂ ನನ್ನನ್ನು ನೋಡಿದರು. ಆಗ ನನ್ನ ಬಾಯಿಂದ ಬಂದ ಮಾತನ್ನು ನನ್ನ ವಿದ್ಯಾರ್ಥಿಗಳು ಕೇಳಿಸಿಕೊಳ್ಳಲಿಲ್ಲವಲ್ಲ ಎಂಬುದೇ ಸಮಾಧಾನ. ವಾಸ್ತು ಸರಿಯಿಲ್ಲ ಎಂದೆ.

ವಾಸ್ತು ಹೇಳುವವರನ್ನು ಇಪ್ಪತ್ತು ವರ್ಷ ಗೇಲಿ ಮಾಡಿದವನು ನಾನು. ಅಕ್ಕ ಈ ಮನೆಯ ನಕಾಶೆ ತೋರಿಸಿದಾಗಲೂ, ಅದೆಲ್ಲ ತಲೆಕೆಟ್ಟವರ ಮಾತು, ಗಾಳಿ ಬೆಳಕು ಬಂದರೆ ಸಾಕು ಎಂದು ದೊಡ್ಡ ಭಾಷಣ ಮಾಡಿದ್ದೆ. ಬಡಿಗ ನಕ್ಕುಬಿಟ್ಟ. ಹೆಂಡತಿ ನನ್ನ ಹಣೆ ಮುಟ್ಟಿ ನೋಡಿದಳು, ಜ್ವರವೇನಾದರೂ ಇದೆಯೇ ಎಂದು. ಅಕ್ಕ ಮಾತ್ರ ನಗಲಿಲ್ಲ. ಚುನಮುರಿ ಬುಟ್ಟಿ ಕೆಳಗಿಟ್ಟಳು.

"ನಮ್ಮ ಮನಿಯಾಗ ಓದಿದಾವ ನೀ ಒಬ್ಬಾವ," ಅಂದಳು. "ಸುಮ್‌ಸುಮ್ನೆ ಹೇಳಾವಲ್ಲ ನೀ. ತಗಸು ಅಂದ್ರ ಈಗಿಂದೀಗ ತಗಸ್ತೀನಿ, ತಮ್ಮಾ."

ಹೇಳಿದ್ದಷ್ಟೇ ಅಲ್ಲ, ಬಡಿಗನಿಗೆ ಹಾರೆ ತರಲು ಹೇಳಿಯೂ ಬಿಟ್ಟಳು. ಅವನು ಗೊಣಗುತ್ತ ಹೋದ. ಅಕ್ಕನ ಮುಖದಲ್ಲಿ ಬೇಸರವಿರಲಿಲ್ಲ, ಅನುಮಾನವೂ ಇರಲಿಲ್ಲ. ನನಗೆ ಬೇಕಾದದ್ದು ಇದೇ ತಾನೇ? ಹಾರೆ ಬರುತ್ತದೆ, ಹೊಸ್ತಿಲು ಏಳುತ್ತದೆ, ನಾನು ಬಗ್ಗಿ ಧಾನ್ಯದಲ್ಲಿ ಕೈಯಾಡಿಸಿ, ಗುಂಡು ಇಟ್ಟು ಸಿಂಹವನ್ನು ಎತ್ತಿಕೊಳ್ಳುತ್ತೇನೆ. ಗುಂಡನ್ನು ಜೇಬಿನಲ್ಲಿ ತಂದೂ ಇದ್ದೆ.

ಅವ್ವನನ್ನು ಪಕ್ಕಕ್ಕೆ ಕರೆದು, ಕಪಾಟಿನಲ್ಲಿ ಎರಡು ಪೊಟ್ಟಣ ಇದ್ದವಲ್ಲ, ಹೊಳೆಯುವ ಗುಂಡು ಬಿಟ್ಟು ಆ ಬಿಳಚಿಕೊಂಡದ್ದನ್ನು ಯಾಕೆ ತಂದೆ, ಬಿಚ್ಚಿ ನೋಡಲಿಲ್ಲವೇ ಎಂದು ಹಲ್ಲು ಕಚ್ಚಿ ಕೇಳಿದೆ. ತಪ್ಪಿ ತಂದಿರಬೇಕು, ಕಣ್ಣು ಮಂಜಾಗಿವೆ ಅನ್ನುತ್ತಾಳೆ ಎಂದುಕೊಂಡಿದ್ದೆ.

"ಎರಡೂ ಬಿಚ್ಚಿ ನೋಡೀನಿ," ಅಂದಳು ಅವ್ವ. "ಗುಂಡು ಅಂಗಡ್ಯಾಗ ಬೇಕಾದಷ್ಟು ಸಿಗ್ತಾವ. ಇದನ್ನ ನೀ ಫ್ಯಾನ್ ಬಂದ್ ಮಾಡಿ ನೋಡತಿದ್ದಿ. ಅಷ್ಟು ಜ್ವಾಕಿ ಮಾಡಿದ್ದು ನಮ್ಮ ಮನಿಯಾಗ ಮತ್ತೊಂದು ಯಾವದದ ಹೇಳು? ನಿನ್ನ ಸಲುವಾಗಿ ಸಾಲಿ ಬಿಟ್ಟಾಕಿಗೆ ಅಂಗಡಿ ಗುಂಡು ಕೊಡಾಕ ಬರ್ತದೇನು?"

ಬಡಿಗ ಹಾರೆ ತಂದು ನಿಂತಿದ್ದ. ಅಕ್ಕ ತನ್ನ ಕೈಯಿಂದಲೇ ತೋರಣ ಬಿಚ್ಚತೊಡಗಿದ್ದಳು. ನನಗೆ ನಾಚಿಕೆಯಾಯಿತು, ನಾಣ್ಯ ಹೋದ ಸಂಕಟವೂ ಆಯಿತು. ಎರಡೂ ಒಟ್ಟಿಗೇ ಆದವು, ಸುಳ್ಳು ಯಾಕೆ ಹೇಳಲಿ.

"ಬಿಡಕ್ಕಾ," ಅಂದೆ. "ಇಲ್ಲಿಂದ ನೋಡಿದ್ರ ಸರಿಯಾಗೇ ಅದ."

ಎಲ್ಲಿಂದ ನೋಡಿದರೆ ಸರಿಯಾಗಿದೆ ಎಂದು ಬಡಿಗ ಕೇಳಿದ. ಅವನ ಕೈಗೆ ಒಂದು ಹಿಡಿ ಚುನಮುರಿ ಕೊಟ್ಟೆ. ಹಾರೆ ಗೋಡೆಗೆ ಒರಗಿತು, ತೋರಣ ಮತ್ತೆ ಏರಿತು. ಸಂಜೆಗೆ ಸಿಮೆಂಟ್ ಗಟ್ಟಿಯಾಯಿತು.

ವಾಪಸ್ ಬಸ್ಸಿನಲ್ಲಿ ಸಿಟ್ಟು, ದುಃಖ ಎಲ್ಲ ಇಳಿದ ಮೇಲೆ ನಾನೇ ಕಲಿಸುವ ಪಾಠವೊಂದು ನೆನಪಾಗಿ ಒಬ್ಬನೇ ನಕ್ಕೆ. ಈ ಜಾತಿಯ ನಾಣ್ಯಗಳು ಅಗೆತದವರಿಗೆ ದೊಡ್ಡ ಸಂಖ್ಯೆಯಲ್ಲಿ ಸಿಕ್ಕಿದ್ದು ಒಂದು ಹಳೆಯ ದೇವಿಯ ಗುಡಿಯ ಬುನಾದಿಯಲ್ಲಿ. ಕಟ್ಟುವಾಗ ಭಕ್ತರು ತಳದಲ್ಲಿ ಇಟ್ಟದ್ದಿರಬೇಕು ಎನ್ನುತ್ತಾರೆ. ವರ್ಷಾ ವರ್ಷ ಇದನ್ನು ಹೇಳುತ್ತಲೇ ಬಂದಿದ್ದೆ, ಅವ್ವ ಮಾತ್ರ ಹೇಳದೆ ಮಾಡಿದಳು. ನನ್ನ ಸಿಂಹ ರಜೆ ಮುಗಿಸಿ ತನ್ನ ಹಳೆಯ ನೌಕರಿಗೆ ಹಾಜರಾದಂತಾಯಿತು.

ಈಗ ಅಕ್ಕನ ಮನೆಯ ಗೃಹಪ್ರವೇಶವಾಗಿ ಕೆಲವು ತಿಂಗಳಾದವು. ಆ ಹೊಸ್ತಿಲನ್ನು ಯಾರಾದರೂ ತುಳಿದರೆ ನಾನು ಮೈಮೇಲೆ ಹೋಗುತ್ತೇನೆ. ಹೋದಾಗಲೆಲ್ಲ ಅದರ ಪಕ್ಕ ಕುಕ್ಕರಗಾಲಲ್ಲಿ ಕೂತು ಸ್ವಲ್ಪ ಹೊತ್ತು ನೋಡುತ್ತೇನೆ. ಮೇಷ್ಟ್ರಿಗೆ ವಯಸ್ಸಾದಂತೆ ದೇವರ ಮೇಲೆ ಭಕ್ತಿ ಬಂತು ಎಂದು ಮಾನ್ವಿಯವರು ಮಾತಾಡಿಕೊಳ್ಳುತ್ತಾರೆ. ಅಕ್ಕನಿಗೂ ಅದೇ ಭಾವನೆ ಇರಬೇಕೆಂದು ನಾನು ತಿಳಿದಿದ್ದೆ. ನಾಣ್ಯದ ವಿಷಯ ನಾನು ಅವಳಿಗೆ ಹೇಳಿರಲಿಲ್ಲ, ಅವ್ವನಿಗೂ ಹೇಳಬೇಡವೆಂದು ಆಣೆ ಹಾಕಿಸಿದ್ದೆ.

ಮೊನ್ನೆ ಉರಿಬಿಸಿಲಿನಲ್ಲಿ ಹೋದೆ. ಪಡಸಾಲೆಯಲ್ಲಿ ಅಕ್ಕ, ಅವಳ ಮಕ್ಕಳು, ನೆರೆಯವರು ಎಲ್ಲ ಫ್ಯಾನಿನ ಕೆಳಗೆ ಕೂತಿದ್ದರು. ನಾನು ಚಪ್ಪಲಿ ಬಿಟ್ಟು ಎಂದಿನಂತೆ ಹೊಸ್ತಿಲ ಪಕ್ಕ ಕೂತೆ. ಅಕ್ಕ ಎದ್ದು ಹೋಗಿ ಫ್ಯಾನ್ ಬಂದ್ ಮಾಡಿದಳು.